ಸ್ಟೂಲಿನಿಂದ ಬಿದ್ದವನಿಗೆ ಆಟೋ ಗುದ್ದಿದ್ದು

ಎಲ್ಲ ಶುರುವಾದದ್ದು ಕೊಬ್ಬರಿ ಮಿಠಾಯಿಯಿಂದ. ಮುತ್ತುರಾಜನಿಗೆ ಸಕ್ಕರೆ ಕಾಯಿಲೆ ಇದ್ದುದರಿಂದ ಹೆಂಡತಿ ಮೀನಾ ಮಿಠಾಯಿ ಡಬ್ಬಿಯನ್ನು ಅಡುಗೆಮನೆಯ ಅಟ್ಟದ ಮೇಲೆ, ಹಳೇ ಇಡ್ಲಿ ಪಾತ್ರೆಯ ಹಿಂದೆ ಬಚ್ಚಿಟ್ಟಿದ್ದಳು. ಅವಳು ಕೆಲಸಕ್ಕೆಂದು ಶಾಲೆಯ ಆಫೀಸಿಗೆ ಹೋದ ಮೇಲೆ ಮುತ್ತುರಾಜ ಸ್ಟೂಲು ಹತ್ತಿದ. ಡಬ್ಬಿ ಕೈಗೆ ಸಿಕ್ಕಿತು, ಸ್ಟೂಲು ಕಾಲಿಗೆ ಸಿಗಲಿಲ್ಲ. ಬಲಗೈ ಮಣಿಕಟ್ಟಿನ ಮೂಳೆ ಎರಡು ಕಡೆ ಮುರಿಯಿತು.

ಡಾಕ್ಟರಿಗೆ ಅವನು ಹೇಳಿದ್ದು "ಬಿದ್ದೆ" ಅಂತ ಅಷ್ಟೇ. ಆದರೆ ಮೀನಾ ಆಸ್ಪತ್ರೆಗೆ ಓಡಿಬಂದು "ಏನಾಯ್ತ್ರೀ?" ಎಂದಾಗ ನಲವತ್ತೆಂಟು ವರ್ಷದ ಗಂಡಸಿನ ಬಾಯಿಂದ ಮಿಠಾಯಿಯ ಹೆಸರು ಹೊರಡಲಿಲ್ಲ.

"ಆಟೋ ಗುದ್ಬಿಡ್ತು ಕಣೇ" ಎಂದುಬಿಟ್ಟ.

ಮೀನಾ ಕಣ್ಣೊರೆಸಿಕೊಂಡು ಆ ಕಾಣದ ಆಟೋದವನಿಗೆ ಶಾಪ ಹಾಕಿದಳು. ಸುಳ್ಳು ಅಲ್ಲಿಗೇ ಮುಗಿದಿದ್ದರೆ ಯಾರಿಗೂ ನಷ್ಟವಿರಲಿಲ್ಲ.

ಮುತ್ತುರಾಜ ಮಲ್ಲೇಶ್ವರದ ಪಾತ್ರೆ ಅಂಗಡಿಯೊಂದರ ಮುಂದೆ ಕೂತು ಸ್ಟೀಲ್ ಪಾತ್ರೆಗಳ ಮೇಲೆ ಹೆಸರು ಕೊರೆಯುವವನು. ಗುರ್ರೆನ್ನುವ ಕರೆಂಟಿನ ಪೆನ್ನು ಹಿಡಿದು ಅವನು ಬರೆದ ಅಕ್ಷರ ಮುತ್ತಿನಂತೆ ಕೂರುತ್ತಿತ್ತು. ಮದುವೆ ಕಾಲದಲ್ಲಿ ದಿನಕ್ಕೆ ನೂರು ಲೋಟಗಳಾದರೂ ಅವನ ಕೈ ದಾಟಿ ಹೋಗುತ್ತಿದ್ದವು. ಈಗ ಅದೇ ಮದುವೆ ಕಾಲ. ಕೈ ಮಾತ್ರ ಬಟ್ಟೆ ಜೋಳಿಗೆಯಲ್ಲಿ ಸೋರೆಕಾಯಿಯ ಹಾಗೆ ನೇತಾಡುತ್ತಿತ್ತು.

ಆಸ್ಪತ್ರೆಯ ಬಿಲ್ಲನ್ನು ಮೀನಾಳ ಶಾಲೆಯ ಆರೋಗ್ಯ ವಿಮೆ ನೋಡಿಕೊಂಡಿತು. ಆದರೆ ಕೈ ಸುಮ್ಮನಿರುವ ಎಂಟು ವಾರದ ಸಂಪಾದನೆಯನ್ನು ಆ ವಿಮೆ ಕೊಡುವುದಿಲ್ಲ. ಅದಕ್ಕಾಗಿಯೇ ಮೀನಾ ನಾಲ್ಕು ವರ್ಷದ ಹಿಂದೆ ಗಂಡನಿಗೆ ಬೇರೊಂದು ಅಪಘಾತ ಪಾಲಿಸಿ ಮಾಡಿಸಿದ್ದಳು. ಪೆಟ್ಟು ಬಿದ್ದು ಕೆಲಸ ನಿಂತರೆ ವಾರಕ್ಕೆ ಮೂರು ಸಾವಿರ. "ನಿಮ್ಮ ಕೈಯೇ ನಮ್ಮ ಅಂಗಡಿ ಕಣ್ರೀ" ಎಂದು ಪ್ರತಿ ವರ್ಷ ತನ್ನ ಸಂಬಳದಲ್ಲೇ ಕಂತು ಕಟ್ಟುತ್ತಿದ್ದಳು. ಮುತ್ತುರಾಜ ಆ ಪಾಲಿಸಿಯ ಒಂದು ಪುಟವನ್ನೂ ತಿರುವಿರಲಿಲ್ಲ.

ಕ್ಲೇಮ್ ಫಾರಂ ಬಂದ ದಿನವೇ ಪಕ್ಕದ ಮನೆಯ ಶೀನಣ್ಣನೂ ಬಂದ. ಶೀನಣ್ಣ ಮೂವತ್ತು ವರ್ಷ ವಿಮಾ ಕಛೇರಿಯೊಂದರಲ್ಲಿ ಲಕೋಟೆಗಳಿಗೆ ಸ್ಟಾಂಪು ಅಂಟಿಸಿ ನಿವೃತ್ತನಾದವನು. ಲಕೋಟೆಯ ಒಳಗೇನಿರುತ್ತದೆಂದು ಒಮ್ಮೆಯೂ ನೋಡಿದವನಲ್ಲ. ಆದರೂ ಬೀದಿಗೆಲ್ಲ ಅವನೇ ವಿಮೆಯ ಪಂಡಿತ. ಅವನೊಬ್ಬನಿಗೆ ಮುತ್ತುರಾಜ ನಿಜ ಹೇಳಿದ.

"ಸ್ಟೂಲಾ?" ಶೀನಣ್ಣ ಹಣೆ ಹಣೆ ಚಚ್ಚಿಕೊಂಡ. "ಲೋ ಮುತ್ತು, ಸ್ಟೂಲಿಂದ ಬಿದ್ದೆ ಅಂದ್ರೆ ಒಂದು ಕಾಸೂ ಹುಟ್ಟಲ್ಲ ಕಣೋ. ಅಪಘಾತ ಅಂದ್ಮೇಲೆ ಗಾಡಿ ಇರ್ಬೇಕು. ಹೆಂಡ್ತಿಗೆ ಹೇಳಿದೀಯಲ್ಲ ಆಟೋ, ಅದನ್ನೇ ಬರಿ. ಎಷ್ಟು ಚೆನ್ನಾಗಿದೆ!"

ಫಾರಂನಲ್ಲಿ ಶೀನಣ್ಣನೇ ಆಟೋ ಬರೆದ. ಮುತ್ತುರಾಜ ಎಡಗೈಯಲ್ಲಿ ಸೊಟ್ಟ ಸಹಿ ಹಾಕಿದ.

ಇದಾಗಿ ಎರಡು ವಾರದ ಮೇಲೆ, ಒಂದು ಮಂಗಳವಾರ ಬೆಳಗ್ಗೆ, ವಿಮಾ ಕಂಪನಿಯಿಂದ ವಿಚಾರಣೆಗೆಂದು ಶರಣ್ಯ ಎಂಬ ಹುಡುಗಿ ಬಂದಳು. ಮೀನಾ ರಜೆ ಹಾಕಿ ಕಾಫಿ ಮಾಡಿದ್ದಳು. ಶೀನಣ್ಣ ಕರೆಯದೆಯೇ ಬಂದು ಒಳ್ಳೇ ಕುರ್ಚಿಯಲ್ಲಿ ಕೂತಿದ್ದ.

"ಆಸ್ಪತ್ರೆ ಕಾಗದದಲ್ಲಿ ಬಿದ್ದು ಪೆಟ್ಟಾಗಿದೆ ಅಂತ ಮಾತ್ರ ಇದೆ. ಫಾರಂನಲ್ಲಿ ಆಟೋ ಗುದ್ದಿದೆ ಅಂತಿದೆ" ಎಂದಳು ಶರಣ್ಯ.

"ಆಟೋ ಗುದ್ತು, ಆಮೇಲೆ ಬಿದ್ದ. ಗುದ್ದಿದ್ಮೇಲೆ ನಿಂತ್ಕೊಂಡೇ ಇರಕ್ಕಾಗತ್ತೇನಮ್ಮ?" ಎಂದ ಶೀನಣ್ಣ.

"ಪೊಲೀಸ್ ಕಂಪ್ಲೇಂಟ್ ಕೊಟ್ಟಿದೀರಾ ಸರ್?"

ಮುತ್ತುರಾಜ ಶೀನಣ್ಣನ ಮುಖ ನೋಡಿದ. ಶೀನಣ್ಣ ಸೂರು ನೋಡಿದ.

"ರಸ್ತೆ ಅಪಘಾತ ಅಂದ್ರೆ ಪೊಲೀಸ್ ಕಾಗದ ಬೇಕೇ ಬೇಕು. ಠಾಣೆ ಹತ್ತಿರಾನೇ ಇದೆಯಲ್ಲ, ಈಗ್ಲೇ ಹೋಗಿ ಬರೋಣ. ನಾನೂ ಬರ್ತೀನಿ."

ಅಲ್ಲಿಂದಾಚೆ ಮುತ್ತುರಾಜನಿಗೆ ತಪ್ಪಿಸಿಕೊಳ್ಳುವ ದಾರಿಯೇ ಸಿಗಲಿಲ್ಲ. ತಲೆ ಸುತ್ತುತ್ತಿದೆ ಅಂದ. ಮೀನಾ ನಿಂಬೆಹಣ್ಣಿನ ಪಾನಕ ಕುಡಿಸಿ ಕರೆದುಕೊಂಡು ಹೊರಟಳು. ದಾರಿಯಲ್ಲಿ ಸಿಕ್ಕವರಿಗೆಲ್ಲ ಶೀನಣ್ಣ ಅಪಘಾತವನ್ನು ವರ್ಣಿಸುತ್ತ ಬಂದ. ಹೂವಿನ ಅಂಗಡಿ ಹತ್ತಿರ ಆಟೋ ಮುತ್ತುರಾಜನನ್ನು ಹತ್ತಡಿ ಎಸೆದಿತ್ತು. ಠಾಣೆ ತಲುಪುವ ಹೊತ್ತಿಗೆ ಇಪ್ಪತ್ತಡಿ ಆಗಿತ್ತು.

ಹೆಡ್ ಕಾನ್‌ಸ್ಟೇಬಲ್ ಆಂಜಿನಯ್ಯ ನಿಧಾನದ ಮನುಷ್ಯ. ಬಿಳಿ ಹಾಳೆ ತೆಗೆದು ಪೆನ್ನು ಕೊಡವಿ ಕೇಳಿದರು.

"ಆಟೋ ನಂಬರ್ ಏನ್ರೀ?"

"ನೆನಪಿಲ್ಲ ಸಾರ್" ಎಂದ ಮುತ್ತುರಾಜ.

"ನಂಬರ್ ಇಲ್ದೆ ಯಾರನ್ನ ಅಂತ ಹುಡುಕ್ಲಿ? ಊರಲ್ಲಿ ಒಂದೇ ಆಟೋ ಇರೋದಾ?"

ಕೆಲಸ ಕೆಡುತ್ತದೆಂದು ಶೀನಣ್ಣನಿಗೆ ಗಾಬರಿಯಾಯಿತು. ಅವನ ಕಣ್ಣು ಕಿಟಕಿಯಾಚೆ ಹೋಯಿತು. ಮರದ ಕೆಳಗೆ ಆಟೋ ಒಂದು ನಿಂತಿತ್ತು.

"ನಂಗೆ ನೆನಪಿದೆ ಸಾರ್! ಮೂವತ್ತೊಂದು ನಲವತ್ತಾರು!"

ಆಂಜಿನಯ್ಯ ಬರೆದುಕೊಂಡರು. ಬರೆದದ್ದನ್ನು ನೋಡಿದರು. ಕಿಟಕಿಯಾಚೆ ನೋಡಿದರು.

"ಅರೆ, ಇಲ್ಲೇ ನಿಂತಿದೆಯಲ್ರೀ!" ಎಂದು ಎದ್ದೇ ಹೋದರು.

ಅವರು ಕರೆತಂದವನು ಅರವತ್ತು ದಾಟಿದ, ಬಡಕಲು ಮೈಯ ಶಂಭುಲಿಂಗಪ್ಪ. ಲೈಸೆನ್ಸ್ ಕಳೆದುಹೋಗಿದೆ ಎಂದು ದೂರು ಕೊಡಲು ಬಂದು ಹೊರಗೆ ಕಾಯುತ್ತಿದ್ದ. ಈಗ ತಾನೇ ಆರೋಪಿಯಾಗಿದ್ದ.

"ಮೂರು ವಾರದ ಹಿಂದೆ ಇವ್ರಿಗೆ ಗುದ್ದಿ ನಿಲ್ಲಿಸ್ದೇ ಹೋದ್ಯಂತೆ. ಲೈಸೆನ್ಸೂ ಇಲ್ಲ. ಗಾಡಿ ಒಳಗೆ ಹಾಕು, ಕೀ ಇಲ್ಲಿಡು."

ಅವನು ಜಗಳ ತೆಗೆಯುತ್ತಾನೆ, ತನ್ನ ಮೇಲೆ ಏರಿ ಬರುತ್ತಾನೆ ಎಂದು ಮುತ್ತುರಾಜ ಕಾದ. ಶಂಭುಲಿಂಗಪ್ಪ ಹತ್ತಿರ ಬಂದು ಕೈಗೆ ಹಾಕಿದ್ದ ಬಿಳಿ ಕಟ್ಟನ್ನೇ ನೋಡಿದ.

"ನಾನೇ ಇರ್ಬೋದು ಸ್ವಾಮಿ" ಎಂದ. "ಎಡಗಣ್ಣಲ್ಲಿ ಪೊರೆ ಬಂದೈತೆ. ಆಪರೇಷನ್ ಮಾಡಿಸ್ಕೊಂಡ್ರೆ ಹದಿನೈದು ದಿನ ಗಾಡಿ ಓಡ್ಸಂಗಿಲ್ಲ, ಮನೇಲಿ ಉಣ್ಣಕ್ಕೇನು ಮಾಡೋದು ಅಂತ ಮುಂದಕ್ಕೆ ಹಾಕ್ತಾ ಬಂದೆ. ಗುದ್ದಿದ್ದು ಗೊತ್ತಾಗಿಲ್ಲ, ದೇವ್ರಾಣೆ. ತಪ್ಪಾಯ್ತು." ಎಂದವನೇ ಬಾಗಿ ಮುತ್ತುರಾಜನ ಕಾಲು ಮುಟ್ಟಲು ಹೋದ.

ಮುತ್ತುರಾಜ ಬೆಂಕಿ ತಗುಲಿದವನಂತೆ ಹಿಂದೆ ಸರಿದ. ಎದುರಿಗೆ ಮೀನಾ, ಪಕ್ಕದಲ್ಲಿ ಶರಣ್ಯ, ಬೆನ್ನಿಗೆ ಶೀನಣ್ಣನ ಬೆರಳು ಸುಮ್ಮನಿರು ಎಂದು ಚುಚ್ಚುತ್ತಿತ್ತು.

"ಆಟೋ ಗೀಟೋ ಏನೂ ಇಲ್ಲ ಸಾರ್. ಇವ್ರನ್ನ ನಾನು ಇವತ್ತೇ ನೋಡ್ತಿರೋದು. ನಾನು ಮನೇಲಿ ಸ್ಟೂಲಿಂದ ಬಿದ್ದೆ. ಮಿಠಾಯಿ ತಗೊಳ್ಳೋಕೆ ಹತ್ತಿದ್ದೆ."

ಆಂಜಿನಯ್ಯ ಹಾಳೆಯನ್ನು ನಾಲ್ಕು ತುಂಡು ಮಾಡಿದರು.

"ಇನ್ನೂ ಬುಕ್ಕಿಗೆ ಏರ್ಸಿರ್ಲಿಲ್ಲ, ಅದು ನಿಮ್ಮ ಪುಣ್ಯ. ಸುಳ್ಳು ಕಂಪ್ಲೇಂಟಿಗೆ ಏನ್ ಶಿಕ್ಷೆ ಗೊತ್ತೇನ್ರೀ?" ಎಂದು ಐದು ನಿಮಿಷ ಉಗಿದರು. ಶಂಭುಲಿಂಗಪ್ಪನಿಗೆ ಕೀ ವಾಪಸು ಕೊಟ್ಟು ಹೊರಗೆ ಕಳಿಸಿದರು. ಮುತ್ತುರಾಜ ತಿರುಗಿ ನೋಡುವಷ್ಟರಲ್ಲಿ ಶೀನಣ್ಣ ಇರಲಿಲ್ಲ. ಗ್ಯಾಸ್ ಸಿಲಿಂಡರ್ ಬರುವ ಹೊತ್ತಾಯಿತೆಂದು ಯಾರಿಗೋ ಹೇಳಿ ಹೋಗಿದ್ದನಂತೆ.

ಅವಮಾನವಾದರೂ ಮುತ್ತುರಾಜನ ಎದೆ ಹಗುರಾಗಿತ್ತು. ಬಡವನೊಬ್ಬನ ಅನ್ನ ಉಳಿಸಿದೆ, ಹೇಗೂ ಬಾರದಿದ್ದ ದುಡ್ಡು ಹೋದರೆ ಹೋಗಲಿ ಎಂದುಕೊಂಡ.

"ಕ್ಷಮಿಸಿ ಮೇಡಂ. ಸ್ಟೂಲಿಂದ ಬಿದ್ರೆ ಕೊಡಲ್ಲ ಅಂತ ಹಿಂಗೆ ಬರೆಸ್ಬಿಟ್ಟೆ."

ಶರಣ್ಯ ಅವನನ್ನೇ ನೋಡಿದಳು. "ಕೊಡಲ್ಲ ಅಂತ ಯಾರ್ ಹೇಳಿದ್ದು ಸರ್?"

"ಕೊಡ್ತಾರಾ?"

"ಪಾಲಿಸಿಯ ಮೂರನೇ ಪುಟದಲ್ಲೇ ಇದೆ. ಅಪಘಾತ ಅಂದ್ರೆ ರಸ್ತೆ ಮೇಲೇ ಆಗ್ಬೇಕು ಅಂತೇನಿಲ್ಲ. ಬಚ್ಚಲಲ್ಲಿ ಜಾರಿದ್ರೂ ಅಪಘಾತಾನೇ, ಸ್ಟೂಲಿಂದ ಬಿದ್ರೂ ಅಪಘಾತಾನೇ. ಕೆಲಸ ಮಾಡಕ್ಕಾಗ್ತಿಲ್ಲ ಅಂತ ಡಾಕ್ಟರ್ ಬರೆದುಕೊಟ್ರೆ ಆಯ್ತು."

"ಮಿಠಾಯಿಗೆ ಹತ್ತಿದ್ರೂನಾ?"

"ಯಾಕೆ ಹತ್ತಿದ್ರಿ ಅಂತ ಕೇಳೋ ಕಾಲಂ ನಮ್ಮ ಫಾರಂನಲ್ಲೇ ಇಲ್ಲ ಸರ್." ಅವಳು ಫೈಲು ಮುಚ್ಚಿದಳು. "ಸ್ಟೂಲು ಅಂತ ಬರೆದಿದ್ರೆ ನಾನು ಬರ್ತಾನೇ ಇರ್ಲಿಲ್ಲ. ಹೋದ ವಾರವೇ ಪಾಸಾಗ್ತಿತ್ತು. ಆಟೋ ಅಂತ ಇದೆ, ಪೊಲೀಸ್ ಕಾಗದ ಇಲ್ಲ, ಅದಕ್ಕೇ ನನ್ನನ್ನ ಕಳಿಸಿದ್ದು."

ಮುತ್ತುರಾಜ ಪೆನ್ನಿಗಾಗಿ ಎಡಗೈ ಚಾಚಿದ. "ಹಂಗಾದ್ರೆ ಈಗ ತಿದ್ದಿ ಬರ್ಕೊಡ್ತೀನಿ."

"ಸುಳ್ಳು ವಿವರಕ್ಕೆ ಸಹಿ ಹಾಕಿದ್ರೆ ಇಡೀ ಕ್ಲೇಮೇ ಹೋಗತ್ತೆ ಸರ್. ಅದು ಆರನೇ ಪುಟ." ಅವಳ ಮುಖದಲ್ಲಿ ನಿಜವಾದ ಬೇಸರವಿತ್ತು. "ನೀವು ನಿಜ ಒಪ್ಕೊಂಡ್ರಿ ಅಂತಾನೂ ರಿಪೋರ್ಟಲ್ಲಿ ಬರೀತೀನಿ. ಆದ್ರೆ ಅದಕ್ಕೆ ದುಡ್ಡು ಬರಲ್ಲ."

ಅವಳು ಹೋದಳು. ಠಾಣೆಯ ಮೆಟ್ಟಿಲ ಮೇಲೆ ಮೀನಾ ನಿಂತಿದ್ದಳು. ಬೈಯುತ್ತಾಳೆ ಎಂದು ಮುತ್ತುರಾಜ ತಲೆ ತಗ್ಗಿಸಿದ. ಬೈದಿದ್ದರೆ ಎಷ್ಟೋ ವಾಸಿಯಿತ್ತು.

"ಕೇಳಿದ್ರೆ ಒಂದು ತುಂಡು ಕೊಡ್ತಿರ್ಲಿಲ್ವೇನ್ರೀ ನಾನು?" ಎಂದಳು. ಅರ್ಧ ದಿನದ ರಜೆಯಾದರೂ ಉಳಿಯಲೆಂದು ಶಾಲೆಯ ಕಡೆ ಬಿರಬಿರನೆ ನಡೆದಳು. ಮುತ್ತುರಾಜ ಅವಳ ಬೆನ್ನನ್ನೇ ನೋಡುತ್ತ ನಿಂತ. ನಾಲ್ಕು ವರ್ಷದಲ್ಲಿ ಒಂದು ಸಂಜೆ ಕೂತು ಆ ಆರು ಪುಟ ಓದಿದ್ದರೆ ಸಾಕಿತ್ತು.

"ಬನ್ನಿ ಸ್ವಾಮಿ, ಕೈ ನೋವಿರುತ್ತೆ, ಮನೆಗೆ ಬಿಡ್ತೀನಿ." ಶಂಭುಲಿಂಗಪ್ಪ ಇನ್ನೂ ಅಲ್ಲೇ ಇದ್ದ. ಬೇಡವೆನ್ನಲು ಮುಖವಿಲ್ಲದೆ ಮುತ್ತುರಾಜ ಆಟೋ ಹತ್ತಿದ.

ಸ್ವಲ್ಪ ದೂರ ಹೋದ ಮೇಲೆ ಶಂಭುಲಿಂಗಪ್ಪ ಕೇಳಿದ. "ಒಳಗೆ ಅದೇನೋ ಇನ್ಶೂರೆನ್ಸ್ ಅಂತಿದ್ರಲ್ಲ, ಹೊರಗೆ ಅರೆಬರೆ ಕೇಳಿಸ್ತು. ನಮ್ಮಂಥೋರಿಗೂ ಮಾಡ್ತಾರಾ?"

"ಮಾಡ್ತಾರೆ. ಎರಡು ಥರ ಇರತ್ತೆ" ಎಂದ ಮುತ್ತುರಾಜ. "ಒಂದು ಆಸ್ಪತ್ರೆ ಖರ್ಚಿಗೆ. ನಿಮ್ಮ ಕಣ್ಣಿನ ಆಪರೇಷನ್ ಅದ್ರಲ್ಲಿ ಬರ್ಬೋದು. ಆದ್ರೆ ಪೊರೆ ಇದೆ ಅಂತ ಮೊದಲೇ ಹೇಳ್ಬಿಡಿ, ಮುಚ್ಚಿಡ್ಬೇಡಿ. ಅವ್ರು ಕಾಯಿ ಅಂದಷ್ಟು ದಿನ ಕಾಯ್ಬೇಕು. ಇನ್ನೊಂದು, ಪೆಟ್ಟಾಗಿ ಕೆಲಸ ನಿಂತ್ರೆ ವಾರವಾರ ದುಡ್ಡು ಕೊಡೋದು. ಬಿದ್ದದ್ದು ಎಲ್ಲಾದ್ರೂ ಸರಿ, ಹೆಂಗಾದ್ರೂ ಸರಿ. ಇದ್ದದ್ದು ಇದ್ದಂಗೆ ಬರೀಬೇಕು, ಅಷ್ಟೇ. ಸಹಿ ಹಾಕೋ ಮೊದ್ಲು ಯಾರಾದ್ರೂ ಓದಿರೋರ ಹತ್ರ ಪೂರ್ತಿ ಓದಿಸ್ಕೊಳ್ಳಿ."

ಶಂಭುಲಿಂಗಪ್ಪ ಹಿಂದಕ್ಕೆ ತಿರುಗಿ ಮೆಚ್ಚುಗೆಯಿಂದ ನೋಡಿದ.

"ಎಷ್ಟು ತಿಳ್ಕೊಂಡಿದೀರ ಸ್ವಾಮಿ! ಹಂಗಾದ್ರೆ ನಿಮಗೆ ಚೆನ್ನಾಗೇ ಬಂದಿರ್ಬೇಕು. ಎಷ್ಟು ಬಂತು?"

"ಮುಂದೆ ನೋಡ್ಕೊಂಡು ಓಡ್ಸಿ, ಯಜಮಾನ್ರೇ" ಎಂದ ಮುತ್ತುರಾಜ.