ಯಾವ ಪಚ್ಚ?

ಊರು ಬೆಳೆಯುವುದನ್ನು ಕಂಡು ಸಂತೋಷಪಡುವವರ ಪೈಕಿ ನಾನು. ಕೋಲಾರದಲ್ಲಿ ಹೊಸ ಮೊಬೈಲ್ ಅಂಗಡಿ ತೆರೆದರೂ ಅದರ ಟೇಪು ನಾನೇ ಕತ್ತರಿಸಿದಷ್ಟು ಹೆಮ್ಮೆಯಾಗುತ್ತದೆ. ಮೊನ್ನೆ ಮೊನ್ನೆಯವರೆಗೆ ರಾಗಿ ತೆನೆ ತೂಗುತ್ತಿದ್ದ ವೇಮಗಲ್ ರಸ್ತೆಯ ಹೊಲಗಳಲ್ಲಿ ಈಗ ಕಲ್ಲು ನೆಟ್ಟು, ಬಾವುಟ ಕಟ್ಟಿ, ಏನೇನೋ ಸಿಟಿ, ಎನ್‌ಕ್ಲೇವ್ ಅಂತ ಬೋರ್ಡು ನಿಲ್ಲಿಸಿದ್ದಾರೆ. ಎನ್‌ಕ್ಲೇವಿನೊಳಗೆ ಸದ್ಯಕ್ಕೆ ಎಮ್ಮೆಗಳು ಮೇಯುತ್ತಿವೆ. ಹೀಗೆ ಹೇಳೋರು ಕೇಳೋರು ಇಲ್ಲದೆ ಬೆಳೆದರೆ ಹೇಗೆ ಅಂತ ಸರ್ಕಾರದವರು ಒಂದು ಮಹಾಯೋಜನೆ ಮಾಡಿದರು. ಜನ ಅದನ್ನು ಮಾಸ್ಟರ್ ಪ್ಲಾನ್ ಅನ್ನುತ್ತಾರೆ. ಅಂದರೆ ಗೋಡೆಯಗಲದ ಒಂದು ನಕ್ಷೆ. ಹಳದಿ ಬಳಿದಲ್ಲಿ ಮನೆ ಕಟ್ಟಬಹುದು, ಹಸಿರು ಬಳಿದಲ್ಲಿ ಬೇಸಾಯ ಮಾತ್ರ, ನೇರಳೆ ಇದ್ದಲ್ಲಿ ಕಾರ್ಖಾನೆ. ಇಷ್ಟು ಸರಳ. ಇಷ್ಟು ಸರಳವಾದದ್ದನ್ನು ಕೆಡಿಸುವುದಕ್ಕೆ ಒಬ್ಬ ಕನ್ನಡ ಮೇಷ್ಟ್ರು ಬೇಕಾಯಿತು.

ಆ ಮೇಷ್ಟ್ರು ನಾನೇ. ನನ್ನೂರು ತಿಪಟೂರಿನ ಕಡೆ. ಹೆಂಡತಿ ಪದ್ಮಾಳ ತವರು ಆಂಧ್ರದ ಗಡಿಯ ಗೌನಿಪಲ್ಲಿ. ಅಲ್ಲಿ ಕನ್ನಡದಲ್ಲಿ ಹೊರಟ ವಾಕ್ಯ ಬಾಯಿಂದ ಆಚೆ ಬರುವಷ್ಟರಲ್ಲಿ ಅರ್ಧ ತೆಲುಗಾಗಿರುತ್ತದೆ. ಮದುವೆಯಾದಾಗಿನಿಂದ ನಾನು ಆ ಮನೆಯವರ ಮಾತು ತಿದ್ದುತ್ತಲೇ ಇದ್ದೇನೆ, ಅವರು ನನಗೆ ಊಟ ಬಡಿಸುತ್ತಲೇ ಇದ್ದಾರೆ. ಮಾವನವರು ಮಗಳ ಹೆಸರಿಗೆ ವೇಮಗಲ್ ರಸ್ತೆಯಲ್ಲಿ ಒಂದು ತುಂಡು ಜಮೀನು ಮಾಡಿಟ್ಟಿದ್ದಾರೆ. ಬಾಡಿಗೆ ಮನೆಯ ಗೂಡಿನಂಥ ಅಡುಗೆಮನೆಯಲ್ಲಿ ಬೆವರು ಒರೆಸಿಕೊಳ್ಳುತ್ತಾ ಪದ್ಮಾ ಆ ಜಾಗದಲ್ಲಿ ಎಷ್ಟೋ ಸಲ ಮನೆ ಕಟ್ಟಿದ್ದಾಳೆ. ಅಡುಗೆಮನೆಗೆ ಪೂರ್ವಕ್ಕೊಂದು ದೊಡ್ಡ ಕಿಟಕಿ, ಕಿಟಕಿಯಾಚೆ ಕರಿಬೇವಿನ ಗಿಡ. ಬಾಗಿಲಿಗೆ ಯಾವ ಮರ ಅಂತ ಪಕ್ಕದ ಬೀದಿಯ ಬಡಗಿ ಬಾಷಾ ಸಾಬರ ಹತ್ತಿರ ಚರ್ಚೆಯೂ ಮುಗಿದಿತ್ತು. ಜಾಗ ಹಳದಿಗೆ ಬಿದ್ದರೆ ಮನೆ, ಹಸಿರಿಗೆ ಬಿದ್ದರೆ ಕರಿಬೇವು ಮಾತ್ರ.

ನಕ್ಷೆಯ ಕರಡು ಹೊರಬಿದ್ದ ದಿನ ನನಗೆ ಪರೀಕ್ಷೆಯ ಕೆಲಸ. ಕೋಲಾರಕ್ಕೆ ಬಂದಿದ್ದ ಮಾವನವರೇ ಆಫೀಸಿಗೆ ಹೋಗಿ ನೋಡಿ, ಊರಿಗೆ ಮರಳುವ ಬಸ್ಸಿನಿಂದ ಫೋನು ಮಾಡಿದರು. "ಅಳಿಯಂದ್ರೇ, ನೋಡ್ಕೊಂಡ್ ಬಂದೆ. ಮನದಿ, ನಮ್ ಜಾಗ, ಪಚ್ಚಲೋ ಬಿದ್ದೈತೆ!" ಅಷ್ಟರಲ್ಲಿ ಕಂಡಕ್ಟರನ ಸೀಟಿ, ಫೋನು ಕಟ್. ಪದ್ಮಾಗೆ ಹೇಳಿದೆ. ಅವಳು ಒಗ್ಗರಣೆ ಸೌಟು ಹಿಡಿದುಕೊಂಡೇ, "ಯಾವ ಪಚ್ಚ ಅಂತ ಕೇಳಿದ್ರಾ?" ಅಂದಳು. ನನ್ನೊಳಗಿನ ಮೇಷ್ಟ್ರು ಎದ್ದು ನಿಂತ. "ಪಚ್ಚೆ ಅಂದ್ರೆ ಹಸಿರು ಕಣೇ. ಪಚ್ಚೆ ಕಲ್ಲು, ಪಚ್ಚೆ ಪೈರು. ಗಿಳಿಪಚ್ಚೆಯೋ ಕಡುಪಚ್ಚೆಯೋ ತಿಳ್ಕೊಂಡು ಏನ್ ಮಾಡ್ತೀಯಾ? ಮನೆಯಂತೂ ಕಟ್ಟೋ ಹಾಗಿಲ್ಲ" ಅಂತ ನಿಘಂಟನ್ನೇ ತೆರೆದು ತೋರಿಸಿದೆ. ಅವಳು ಅಪ್ಪನಿಗೆ ಫೋನು ಹಚ್ಚಿದಳು. ಮಾವಿನ ಸುಗ್ಗಿಯಲ್ಲಿ ಮಾವನವರು ಫೋನಿಗೆ ಚಾರ್ಜು ಹಾಕುವ ಮನುಷ್ಯರಲ್ಲ. ಅವತ್ತು ಊಟಕ್ಕೆ ಕೂತಾಗ ಯಾರೂ ಕಿಟಕಿಯ ಮಾತೆತ್ತಲಿಲ್ಲ. ಅವಳ ಮುಖ ನೋಡಿ ನನಗೆ ನಿಜಕ್ಕೂ ಸಂಕಟವಾಯಿತು.

ಮಾರನೆಯ ದಿನವೇ ಸಾರ್ವಜನಿಕರ ಆಕ್ಷೇಪಣೆ ಕೇಳುವ ಸಭೆ. ಅಧಿಕಾರಿ ವಿಜಯಪುರದ ಕಡೆಯವರು, ಹೊಸದಾಗಿ ವರ್ಗವಾಗಿ ಬಂದವರು. ಬೆಳಗ್ಗೆಯಿಂದ ಜನ ಹಸಿರು ತೆಗೀರಿ, ಹಳದಿ ಕೊಡಿ ಅಂತ ಅವರ ತಲೆ ತಿಂದಿದ್ದರು. ನಾನು ಎದ್ದು, ಜಾಗದ ಸರ್ವೆ ನಂಬರು ಹೇಳಿ, ರಾಜ್ಯೋತ್ಸವದ ಭಾಷಣದ ಧಾಟಿಯಲ್ಲಿ ಶುರುಮಾಡಿದೆ: "ಮಾನ್ಯರೇ, ಈ ನೆಲಕ್ಕೆ ತಾವು ಬಳಿದಿರುವ ಬಣ್ಣ ನಮ್ಮ ಬಾಳಿಗೆ ಬಳಿದ ಮಸಿ. ಅದನ್ನು ಅಳಿಸಿ ಮತ್ತೊಂದನ್ನು ದಯಪಾಲಿಸಿ!" ಬಣ್ಣದ ಹೆಸರು ಎತ್ತಲಿಲ್ಲ, ಭಾಷಣದ ಭರದಲ್ಲಿ ಅಂಥ ಚಿಲ್ಲರೆ ವಿವರಗಳಿಗೆ ಜಾಗವಿರಲಿಲ್ಲ. ಅಧಿಕಾರಿ ನಕ್ಷೆ ನೋಡಿದರು, ನನ್ನನ್ನು ನೋಡಿದರು, ಕನ್ನಡಕ ಒರೆಸಿಕೊಂಡು ಮತ್ತೆ ನಕ್ಷೆ ನೋಡಿದರು. "ಹಿಂಗ ಕೇಳಾವ್ರು ನೀವೊಬ್ಬರ ನೋಡ್ರಿ ಸರ. ಇಂಥಾ ಮಂದಿ ಇದ್ರ ಊರು ಉಳೀತೈತಿ" ಅಂದು ಕೈಮುಗಿದರು. ಹಿಂದಿನ ಸಾಲಿನಲ್ಲಿದ್ದ ಪರಿಸರ ಸಂಘದವರು ಚಪ್ಪಾಳೆ ತಟ್ಟಿ, ಇನ್ಯಾರಿಗೋ ತಂದಿದ್ದ ಶಾಲನ್ನು ನನಗೆ ಹೊದಿಸಿದರು. ಮನೆ ಕಟ್ಟಲು ಹೊರಟವನಿಗೆ ಪರಿಸರದವರು ಶಾಲು ಹೊದಿಸುವುದೇಕೆ ಎಂಬ ಸಂಶಯ ಬರಬೇಕಿತ್ತು. ಶಾಲು ಹೊದಿಸುವಾಗ ಸಂಶಯಪಡುವುದು ನನ್ನ ಜಾಯಮಾನವಲ್ಲ.

ಹೊದ್ದುಕೊಂಡೇ ಮನೆಗೆ ಬಂದರೆ ಮಾವನವರು ಊರಿಂದ ಮಾವಿನ ಬುಟ್ಟಿಯೊಂದಿಗೆ ಬಂದು ಕೂತಿದ್ದರು. ನನ್ನ ಪರಾಕ್ರಮ ಕೇಳುತ್ತಾ ಕೇಳುತ್ತಾ ಅವರ ಮುಖ ಬಾಡಿತು. ಚೆನ್ನಾಗಿ ಮಾಗಿದ ಬಾದಾಮಿ ಹಣ್ಣೊಂದನ್ನು ತೆಗೆದು ನನ್ನ ಮೂಗಿನ ಮುಂದೆ ಹಿಡಿದರು.

"ಇದೇನ್ ಬಣ್ಣ ಅಳಿಯಂದ್ರೇ?"

"ಹಳದಿ."

"ನಮ್ ತೆಲುಗಲ್ಲಿ ಅದೇ ಪಚ್ಚ! ಅರಿಶಿನ ಪಚ್ಚ, ಈ ಹಣ್ಣು ಪಚ್ಚ. ನೀವ್ ಅಂದ್ಕೊಂಡಿದ್ದು ಆಕುಪಚ್ಚ, ಎಲೆ ಬಣ್ಣ. ಅಯ್ಯೋ ದೇವುಡಾ, ಬಂಗಾರದಂಥ ಪಚ್ಚಾನ ಬ್ಯಾಡ ಅಂದು ಬಂದ್ರಲ್ಲ!"

ಪದ್ಮಾ ನನ್ನ ನಿಘಂಟನ್ನು ತೆಗೆದುಕೊಂಡು ಹೋಗಿ, ಒಂದು ಕಾಲು ಕುಂಟುತ್ತಿದ್ದ ಗ್ರೈಂಡರಿನ ಅಡಿಗೆ ಇಟ್ಟಳು. ಗ್ರೈಂಡರು ಆಮೇಲೆ ಅಲ್ಲಾಡಲಿಲ್ಲ.

ಪುಣ್ಯಕ್ಕೆ ಅಹವಾಲುಗಳನ್ನು ಅಂತಿಮಗೊಳಿಸುವ ಇನ್ನೊಂದು ಸಭೆ ಮುಂದಿನ ವಾರಕ್ಕಿತ್ತು. ಅಲ್ಲಿಯವರೆಗೆ ನನಗೆ ಮನೆಪಾಠ. ಶಿಕ್ಷೆಯೋ ತಮಾಷೆಯೋ ತಿಳಿಯದು. ಪದ್ಮಾ ತಿಂಡಿಗೆ ಚಿತ್ರಾನ್ನ ಮಾಡಿ, "ಇದು ಯಾವ ಬಣ್ಣ?" ಅನ್ನುವಳು. "ಪಚ್ಚ" ಅಂದರೆ ಮಾತ್ರ ಕಡಲೆಬೀಜ. ಮಾವನವರು ಫೋನಿನಲ್ಲಿ ನಿಂಬೆಹಣ್ಣು, ಚೆಂಡುಹೂ, ಸ್ಕೂಲ್ ಬಸ್ಸು ಅಂತ ಒಂದೊಂದಾಗಿ ಕೇಳುವರು. ನಾನು ಪಚ್ಚ, ಪಚ್ಚ ಅಂತ ಒಪ್ಪಿಸುವೆ. ಸಭೆಯ ದಿನಕ್ಕೆ ನಾನು ಪಕ್ಕಾ ಗೌನಿಪಲ್ಲಿಯವನಾಗಿದ್ದೆ.

ಅಧಿಕಾರಿ ನನ್ನನ್ನು ಕಂಡೊಡನೆ ಕುರ್ಚಿ ಹಾಕಿಸಿದರು. "ಭಾಷಣ ಬ್ಯಾಡ್ರಿ ಸರ, ಒಂದ ಶಬ್ದದಾಗ ಹೇಳಿಬಿಡ್ರಿ. ನಿಮ್ಮ ಜಾಗಕ್ಕ ಯಾವ ಬಣ್ಣ ಬೇಕು?" ಪದ್ಮಾಳ ಕಿಟಕಿ, ಕರಿಬೇವು, ಚಿತ್ರಾನ್ನ ಎಲ್ಲವೂ ಕಣ್ಣ ಮುಂದೆ ಬಂದವು. ಎದೆಯುಬ್ಬಿಸಿ ಹೇಳಿದೆ: "ಪಚ್ಚ!"

"ಭಾಳ ಛಲೋ. ಹಸಿರು ಅಂತ ಬರ್ಕೋರಿ" ಎಂದು ಗುಮಾಸ್ತರಿಗೆ ಹೇಳಿ ಅವರು ಮುಂದಿನವರನ್ನು ಕರೆದರು. ಪರಿಸರದವರ ಚಪ್ಪಾಳೆ ಮತ್ತೆ ಮೊಳಗಿತು. ಈ ಸಲ ನನಗಾಗಿಯೇ ತಂದಿದ್ದ ಹಳದಿ ಶಾಲು ಹೆಗಲಿಗೆ ಬಿತ್ತು. "ಹಳದಿ! ಹಳದಿ!" ಅಂತ ಗಂಟಲು ಹರಿಯುವಂತೆ ಕೂಗಿದೆ. ಅಧಿಕಾರಿ ಶಾಲಿನ ಕಡೆ ನೋಡಿ, "ಹೂನ್ರಿ, ನಿಮಗ ಛಂದ ಒಪ್ತೈತಿ" ಅಂದರು.

ಮನೆಗೆ ಕಾಲಿಡುತ್ತಿದ್ದ ಹಾಗೆ ಫೋನು. ಎಂದೂ ಇಲ್ಲದೆ ಮಾವನವರು ಚಾರ್ಜು ಹಾಕಿಕೊಂಡು ಕಾದಿದ್ದರು. "ಏಂ ಅಳಿಯಂದ್ರೇ, ಏನಾಯ್ತು? ಪಚ್ಚನಾ?"

"ಪಚ್ಚನೇ ಮಾವ" ಅಂದೆ. ಅಕ್ಷರಶಃ ನಿಜ. ಆ ಕಡೆಯಿಂದ "ಶಭಾಷ್!" ಅಂತ ಕೇಳಿಸಿತು. ಈ ಸೀಮೆಯಲ್ಲಿ ಎರಡು ಭಾಷೆ ಹೀಗೆ ಕಲೆತಿರುವುದು ಎಷ್ಟು ಒಳ್ಳೆಯದು ಅಂತ ಜೀವನದಲ್ಲಿ ಮೊದಲ ಸಲ ಅನ್ನಿಸಿತು. ಆ ನೆಮ್ಮದಿಯಲ್ಲೇ ಫೋನು ಇಟ್ಟು ತಿರುಗಿದರೆ ಪದ್ಮಾ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಅವಳ ಕಣ್ಣು ನನ್ನ ಹೆಗಲ ಮೇಲಿನ ಹೊಸ ಶಾಲಿನ ಮೇಲಿತ್ತು.

"ರೀ," ಅಂದಳು, "ಯಾವ ಪಚ್ಚ?"