ಕೈ ಕಲಿತದ್ದು, ತಲೆ ಕೆಡಿಸಿದ್ದು

ಎಡವಟ್ಟು ಶುರುವಾದದ್ದು ಮಿಸೊ ಸಾರಿನ ಬಟ್ಟಲಿನಿಂದ. ಬೆಳಿಗ್ಗೆ ತಿನ್ನಲು ಕೂತ ಇಸೊಬೆ ಕಾನ್‌ಜಿ ತನಗೇ ಗೊತ್ತಿಲ್ಲದೆ ಊಟದ ಕಡ್ಡಿಗಳನ್ನು ಎರಡೂ ಕೈಯಲ್ಲಿ ಒಂದೊಂದು ಹಿಡಿದು ಬಟ್ಟಲಿನ ಅಂಚಿಗೆ 'ಕಾ ಕಾ' ಎಂದು ಬಾರಿಸಿಬಿಟ್ಟ.

"ರೀ! ಬಟ್ಟಲು ಬಡಿದ್ರೆ ಹಸಿದ ದೆವ್ವಗಳು ಬರ್ತವೆ ಅಂತ ನಿಮ್ಮಮ್ಮ ಹೇಳಿಕೊಡ್ಲಿಲ್ವಾ?" ಎಂದು ಹೆಂಡತಿ ಫುಮಿ ಕಡ್ಡಿ ಕಿತ್ತುಕೊಂಡಳು.

"ಬಡಿದಿದ್ದು ನಾನಲ್ಲ ಕಣೇ, ಕೈ," ಎಂದ ಇಸೊಬೆ.

ಅದು ಸುಳ್ಳೇನಲ್ಲ. ಸೊಂಟನೋವಿಗೆಂದು ಡಾಕ್ಟರು ಏನಾದರೂ ಮೈ ಆಡಿಸಿ ಎಂದಾಗ, ಎಂಟು ತಿಂಗಳ ಹಿಂದೆ ಆತ ತೈಕೊ ಡೋಲು ಕಲಿಯಲು ಸೇರಿದ್ದ. ಮೊದಲ ತಿಂಗಳು ತಲೆ ಬಾಚಲೂ ತೋಳು ಏಳುತ್ತಿರಲಿಲ್ಲ. ಎರಡು ಸಲ ಕೋಲು ಹಾರಿ ಗುರುಗಳ ಕಾಲ ಬಳಿ ಬಿದ್ದಿತ್ತು. ನಾಲ್ಕನೇ ತಿಂಗಳಲ್ಲೊಂದು ದಿನ ಇದ್ದಕ್ಕಿದ್ದಂತೆ ಕೈ ತಲೆಯನ್ನು ಕೇಳುವುದನ್ನೇ ನಿಲ್ಲಿಸಿತು. ಬಾಗಿದ್ದ ಬೆನ್ನು ನೆಟ್ಟಗಾಯಿತು. ಮರೆತಿದ್ದ ಹೆಸರುಗಳು ನಾಲಗೆಗೆ ಬರತೊಡಗಿದವು. ದೊಡ್ಡ ಡೋಲಿನ ನಡುವೆ ಏಟು ಬಿದ್ದಾಗ ಎದೆಯ ಮೂಳೆಯೆಲ್ಲ ಗುಂಯ್ಗುಟ್ಟಿ ಅವನಿಗೆ ಕಣ್ಣೀರೇ ಬರುತ್ತಿತ್ತು. ಐವತ್ತನಾಲ್ಕು ವರ್ಷ ಇಷ್ಟು ಸಂತೋಷ ಈ ಮೈಯೊಳಗೆ ಎಲ್ಲಿ ಅವಿತಿತ್ತೋ ಎಂದು ಬೆರಗಾಗುತ್ತಿದ್ದ.

ಈಗ ಬೋನ್ ಹಬ್ಬ ಹತ್ತಿರ ಬಂದಿತ್ತು. ಸತ್ತವರು ಮನೆಗೆ ಬರುವ ಆ ದಿನಗಳಲ್ಲಿ ಕುಣಿಯುವವರ ನಡುವಿನ ಅಟ್ಟಣಿಗೆಯ ಮೇಲೆ ಡೋಲು ಬಾರಿಸುವವನು ಒಬ್ಬನೇ. ಅದು ಯಾರೆಂದು ಗುರು ಸಗಿಸಾಕ ಇಂದು ಸಂಜೆ ಆರಿಸುವವರಿದ್ದರು. ತನ್ನ ಡೋಲು ಒಮ್ಮೆ ಅಪ್ಪನಿಗೆ ಕೇಳಿಸಬೇಕು ಎಂಬುದು ಇಸೊಬೆಯ ಆಸೆ. ಬದುಕಿದ್ದಾಗ ಅಪ್ಪ ಮೆಚ್ಚುವಂಥದ್ದೇನನ್ನೂ ಆತ ಮಾಡಿರಲಿಲ್ಲ.

ಕಸದ ಚೀಲ ಹಿಡಿದು ಕೆಳಗಿಳಿದರೆ ಅಲ್ಲಿ ಪಕ್ಕದ ಮನೆಯ ತೊಕಿ ಅಜ್ಜಿ. ಎಪ್ಪತ್ತೆಂಟು ವರ್ಷದ ಆಕೆ ಯಾರ ಚೀಲವನ್ನೂ ಇಣುಕದೆ ಬಿಟ್ಟವರಲ್ಲ.

"ಇವತ್ತು ಸುಡೋ ಕಸ ಮಾತ್ರ. ಬಾಟ್ಲಿ ವಾಪಸ್ ತಗೊಂಡ್ಹೋಗಿ. ಅಲ್ಲಾ ಇಸೊಬೆ ಅವರೇ, ದಿನಾ ಗೋಡೆ ಆಚೆಯಿಂದ ದೋನ್ ದೋನ್, ದೊಕೊ ದೊಕೊ ಅಂತ ಒದರ್ತಾನೇ ಇರ್ತೀರಲ್ಲ! ಮನುಷ್ಯರು ಬದುಕೋದು ಬೇಡ್ವಾ?"

"ಏನ್ಮಾಡ್ಲಿ ಅಜ್ಜಿ, ಈ ವಿದ್ಯೆ ಮೊದಲು ಬಾಯಿಗೆ ಬರಬೇಕು. ಬಾಯಲ್ಲಿ ಕೂತ ಮೇಲೇ ಕೈಗೆ ಇಳಿಯೋದು. ಇವತ್ತು ಆಯ್ಕೆ ಮುಗಿದ್ರೆ ನಿಮಗೂ ನೆಮ್ಮದಿ."

"ಮುಗಿಯುತ್ತೋ ಇಲ್ವೋ, ನಾನೇ ಬಂದು ನೋಡ್ತೀನಿ."

ಪುರಸಭೆಯ ಕಚೇರಿಯಲ್ಲಿ ಇಸೊಬೆಯ ಕೆಲಸ ಅರ್ಜಿಗಳಿಗೆ ಮುದ್ರೆ ಒತ್ತುವುದು. ಅಂದು ಮುದ್ರೆಯೂ ತಾಳ ಹಿಡಿಯಿತು. ಸಾಲಿನಲ್ಲಿ ನಿಂತವರ ಕಾಲುಗಳು ತಾವಾಗಿ ನೆಲ ತಟ್ಟತೊಡಗಿದವು. ಮೇಲಧಿಕಾರಿ ಮಿಯಾತಾ ಓಡಿಬಂದು ಮದುವೆ ನೋಂದಣಿಯ ಕಾಗದವೊಂದನ್ನು ಎತ್ತಿ ಹಿಡಿದರು.

"ಏನ್ರೀ ಇದು? ಏಳು ಮುದ್ರೆ! ಈ ಹುಡುಗೀಗೆ ಏಳು ಸಲ ಮದುವೆ ಮಾಡಿಸಿದ್ರಲ್ರೀ! ಕೈ ಏನು ಮಾಡ್ತಿದೆ ಅಂತ ತಲೆ ಸ್ವಲ್ಪ ನೋಡ್ಕೊಳ್ಳಲಿ!"

ಇಸೊಬೆ ನಾಚಿ ಮುದ್ದೆಯಾದ. ಆಮೇಲೆ ಸಂಜೆಯವರೆಗೂ ಪ್ರತಿ ಮುದ್ರೆಯನ್ನೂ ಎಣಿಸಿ ಎಣಿಸಿ ಒತ್ತಿದ. ತಲೆ ಕೈಯ ಮೇಲೆ ಕಾವಲು ಕೂತಿತು.

ಸಂಜೆ ಆಯ್ಕೆಯ ಹೊತ್ತಿಗೆ ಸಭಾಂಗಣ ತುಂಬಿತ್ತು. ಇಸೊಬೆ ಕಾಲಗಲಿಸಿ ನಿಂತು ಕೋಲೆತ್ತಿದ. ಮೊದಲ ಏಟುಗಳು ಚೆನ್ನಾಗಿಯೇ ಬಿದ್ದವು. ನಡುವೆ ಒಂದು ಬಿಡುವು ಬರುತ್ತದೆ. ಅಲ್ಲಿ ಎಣಿಸಬಾರದು, ಉಸಿರು ತಾನಾಗಿ ದಾಟಿಸುತ್ತದೆ ಎಂದು ಗುರುಗಳು ನೂರು ಸಲ ಹೇಳಿದ್ದರು. ಇಸೊಬೆ ಎಣಿಸಿದ. ಒಂದು, ಎರಡು... ಮೂರಾದ ಮೇಲೋ, ನಾಲ್ಕಾದ ಮೇಲೋ? ತಲೆ ಕೈಯನ್ನು ಕೇಳಿತು, ಕೈ ತಲೆಯನ್ನು ಕೇಳಿತು. ಕೋಲುಗಳು ಗಾಳಿಯಲ್ಲೇ ನಿಂತವು.

"ದೋನ್! ದೊಕೊ ದೊಕೊ, ಕಾ! ಅಯ್ಯೋ, ಎಂಟು ತಿಂಗಳು ನನ್ನ ಪ್ರಾಣ ತಿಂದು ಇಲ್ಲಿ ಬಂದು ಮರೀತೀರಾ?"

ಹಿಂದಿನ ಸಾಲಿನಿಂದ ತೊಕಿ ಅಜ್ಜಿ ದಡದಡ ಬಂದವರೇ ಕೋಲು ಕಸಿದುಕೊಂಡರು. ಜೀವಮಾನದಲ್ಲಿ ಡೋಲು ಮುಟ್ಟದ ಕೈಗಳು ಒಂದೇ ಒಂದು ಏಟು ತಪ್ಪದೆ, ಬಿಡುವನ್ನು ಸಲೀಸಾಗಿ ದಾಟಿ, ಕೊನೆಯ ತನಕ ಬಾರಿಸಿದವು. ಬಗ್ಗಿದ ಆ ಸಣ್ಣ ಬೆನ್ನು ಎಂಥ ಸದ್ದು ಎಬ್ಬಿಸಿತೆಂದರೆ ಕಿಟಕಿಗಳು ಅದುರಿದವು. ಇಸೊಬೆಯ ರೋಮ ನೆಟ್ಟಗಾಯಿತು. ಹೊಟ್ಟೆ ಉರಿಯುವುದನ್ನೂ ಮರೆತು ಮೊದಲ ಚಪ್ಪಾಳೆ ತಟ್ಟಿದವನು ಅವನೇ.

"ಯಾರ ಹತ್ರ ಕಲಿತ್ರಿ ತಾಯಿ?" ಎಂದು ಗುರುಗಳು ಕೇಳಿದರು.

"ಕಲಿಯೋದೇನು ಬಂತು? ಇವರು ಒದರಿದ್ದು ತಲೆಯೊಳಗೆ ಹೊಕ್ಕು ಕೂತಿದೆ."

ಸಗಿಸಾಕ ಇಸೊಬೆಗೆ ಸೊಂಟ ಬಗ್ಗಿಸಿ ನಮಸ್ಕರಿಸಿದರು. "ನಲವತ್ತು ವರ್ಷದಿಂದ ಕಲಿಸ್ತಿದೀನಿ. ಕೋಲೇ ಕೊಡದೆ ಇಂಥ ಶಿಷ್ಯೆಯನ್ನ ತಯಾರು ಮಾಡೋಕೆ ನನ್ನ ಕೈಲಾಗಿಲ್ಲ."

ಇಸೊಬೆಗೆ ಆಸೆ ಚಿಗುರಿತು. "ಹಾಗಾದ್ರೆ ಅಟ್ಟಣಿಗೆ ಮೇಲೆ..."

"ತೊಕಿ ಅಜ್ಜಿ. ಅನುಮಾನವೇ ಇಲ್ಲ. ನಿಮ್ಮಂಥ ಬಾಯಿ ಇರೋರ ಕೈಗೆ ಕೋಲು ಕೊಟ್ಟು ಹಾಳು ಮಾಡ್ತಾರಾ?"

ಅಜ್ಜಿ ಬೆವರೊರೆಸಿಕೊಂಡು ಇಸೊಬೆಯ ತೋಳು ಹಿಡಿದರು. "ಹಬ್ಬಕ್ಕೆ ಮೂರು ಹಾಡಂತೆ, ನಂಗೆ ಬರೋದು ಒಂದೇ. ಬೇಗ ಮನೆಗೆ ನಡೀರಿ, ಉಳಿದಿದ್ದು ಶುರು ಮಾಡಿ. ಇನ್ಮೇಲಾದ್ರೂ ಸ್ವಲ್ಪ ಜೋರಾಗಿ ಹೇಳಿ ಇಸೊಬೆ ಅವರೇ, ಮಧ್ಯೆ ಮಧ್ಯೆ ಸರಿಯಾಗಿ ಕೇಳ್ಸೋದೇ ಇಲ್ಲ."