ಮುಚ್ಚಳ ಕೂರದ ಡಬ್ಬಿ

ಬಟ್ಟೆ ಒಗೆಯುವ ಮಷೀನಿಗೆ ಇರುವಷ್ಟು ಮರ್ಯಾದೆಯೂ ವಿಜ್ಞಾನಿಗೆ ಅವನ ಮನೆಯಲ್ಲಿ ಇರುವುದಿಲ್ಲ. ನಮ್ಮ ವಿಜ್ಞಾನಿ ಹಳೇ ಪ್ಲಾಸ್ಟಿಕ್ ಬಾಟಲಿಗಳನ್ನು ಚೂರು ಮಾಡಿ, ರಾಸಾಯನಿಕದಲ್ಲಿ ಕುದಿಸಿ, ಬಿಳಿ ಪುಡಿಯಾಗಿಸಿ, ಆ ಪುಡಿಯಿಂದ ಹೊಸ ಪ್ಲಾಸ್ಟಿಕ್ ಹುಟ್ಟಿಸಲು ಹನ್ನೊಂದು ವರ್ಷದಿಂದ ತಪಸ್ಸು ಮಾಡುತ್ತಿದ್ದ. (ಅತ್ತೆಯವರು ನೆಂಟರಿಗೆ ಹೇಳುವುದು: "ನಮ್ಮ ಅಳಿಯಂದ್ರು ಬಾಟ್ಲಿ ಬೇಯಿಸ್ತಾರೆ.") ಹೆಂಡತಿಯಂತೂ ಅವನ ಕೆಲಸದ ಬಗ್ಗೆ ಒಂದು ಒಳ್ಳೆಯ ಮಾತು ಆಡಿದವಳಲ್ಲ. ಅದೇ ಅವನ ಕೊರಗು.

ಕೊನೆಗೂ ಒಂದು ಡಬ್ಬಿ ಅವತರಿಸಿತು. ಅಂಗೈಯಗಲದ್ದು, ನಸು ಹಳದಿ, ಇರುವುದು ಅದೊಂದೇ. ಮರುದಿನ ಪರಿಶೀಲನಾ ಸಮಿತಿ ಅದನ್ನು ನೋಡಿ, ಅವನ ವಿಭಾಗ ಉಳಿಯಬೇಕೋ ಮುಚ್ಚಬೇಕೋ ಎಂದು ತೀರ್ಮಾನಿಸುವುದಿತ್ತು. ಹಾಗಿದ್ದೂ ಅದನ್ನು ಮನೆಗೆ ತಂದು ಅಡುಗೆಕಟ್ಟೆಯ ಮೇಲಿಟ್ಟ. ಆಸೆ, ಇನ್ನೇನು!

"ಇದೇನ್ರೀ, ಮುಚ್ಚಳ ಸರಿಯಾಗಿ ಕೂರ್ತಾನೇ ಇಲ್ಲ?"

"ಮುಚ್ಚಳ ಯಾಕೆ ನೋಡ್ತೀಯ?"

"ನೋಡ್ದೆ ಹೇಗೆ ಮುಚ್ಚೋದು?" ಎಂದು ಅವಳು ಪಾತ್ರೆ ತೊಳೆಯಲು ತಿರುಗಿದಳು.

ಅದೇನೆಂದು ಹೇಳುವುದಕ್ಕೂ ಮನಸ್ಸಾಗದೆ, ಅವನು ಮುಖ ಊದಿಸಿಕೊಂಡು ಪೇಪರ್ ಹಿಡಿದು ಕೂತ.

ಬೆಳಿಗ್ಗೆ ಅವಸರದಲ್ಲಿ, ಮನೆಯಲ್ಲಿ ಕೂಡಿಟ್ಟಿದ್ದ ಬಾಟಲಿ-ಡಬ್ಬಿಗಳ ಮೂಟೆ ಹೊತ್ತು ಓಡಿದ. ಸಮಿತಿಯೆದುರು "ಇದು ನನ್ನ ಸ್ವಂತ ಮನೆಯ ಕಸ!" ಎಂದು ಘೋಷಿಸಿ, ಇಡೀ ಮೂಟೆಯನ್ನು ಯಂತ್ರದ ಬಾಯಿಗೆ ಸುರಿದ. ಎಲ್ಲ ಚೂರಾಗಿ ಕುದಿಯತೊಡಗಿತು. ಅಧ್ಯಕ್ಷರು ಆಕಳಿಸಿ, "ಇದರಿಂದ ಮಾಡಿದ ವಸ್ತು ತೋರಿಸಿ" ಎಂದರು. ಡಬ್ಬಿ ಎತ್ತಿಕೊಳ್ಳಲು ಮರೆತದ್ದು ಆಗ ನೆನಪಾಯಿತು. ಫೋನ್ ಮಾಡಿದ.

"ಅಡುಗೆಕಟ್ಟೆ ಮೇಲಿನ ಡಬ್ಬಿ ತಗೊಂಡು ತಕ್ಷಣ ಬಾ!"

"ಆ ಮುಚ್ಚಳ ಕೂರದ್ದಾ? ಕೆಲಸಕ್ಕೆ ಬಾರದ ಪ್ಲಾಸ್ಟಿಕ್ ಮನೇಲಿರಬಾರ್ದು, ತೊಳೆದು ಮೂಟೆಗೆ ಹಾಕು ಅಂತ ದಿನಾ ತಲೆ ತಿಂತೀರಲ್ಲ! ತೊಳೆದೇ ಹಾಕಿದೀನಿ ಮತ್ತೆ."

ಯಂತ್ರದ ಗಾಜಿನ ಪಾತ್ರೆಯೊಳಗೆ ಹನ್ನೊಂದು ವರ್ಷ ಕೊತಕೊತನೆ ಕುದಿಯುತ್ತಿತ್ತು. ಅವನ ಕಥೆಯನ್ನು ಸಮಿತಿ ನಂಬಲಿಲ್ಲ. ವಿಭಾಗಕ್ಕೆ ಬೀಗ ಬಿತ್ತು. ಇನ್ನು ಮೇಲೆ ಉಗ್ರಾಣ ನೋಡಿಕೊಳ್ಳಿ ಎಂದರು.

ಸಂಜೆ ಎಲ್ಲವನ್ನೂ ಕೇಳಿದ ಹೆಂಡತಿ ಮೂಗಿನ ಮೇಲೆ ಬೆರಳಿಟ್ಟಳು. ಆಮೇಲೆ, ಮದುವೆಯಾದ ಮೇಲೆ ಮೊದಲ ಬಾರಿಗೆ, ಅವನನ್ನು ನಿಜವಾದ ಮೆಚ್ಚುಗೆಯಿಂದ ನೋಡಿದಳು.

"ಅಷ್ಟು ಗಟ್ಟಿ ಡಬ್ಬಿ, ಅರ್ಧ ಗಂಟೇಲಿ ಹೇಳಹೆಸರಿಲ್ದಂಗೆ ಕರಗಿಹೋಯ್ತಾ? ನಾನು ಏನೋ ಅಂದ್ಕೊಂಡಿದ್ದೆ ಕಣ್ರೀ, ನಿಮ್ದು ಭಾರಿ ಕೆಲಸಾನೇ!"